ಗುಮಟೆಯನ್ನು ನುಂಗಿದ ಹಾಡು: ಅಂಕೋಲಾದ ಒಂದು ಟಿವಿ ಸಂಚಿಕೆಯ ಪ್ರಕರಣ ಅಧ್ಯಯನ

ಪ್ರಕರಣ ಇಷ್ಟು. ಊರೂರು ಸುತ್ತುವ ಒಂದು ಟಿವಿ ಕಾರ್ಯಕ್ರಮದ ತಂಡ ಹೋಳಿ ಹಬ್ಬಕ್ಕೆ ಮೊದಲು ಅಂಕೋಲಾ ತಾಲೂಕಿಗೆ ಬಂತು. ಹಾಲಕ್ಕಿ ಒಕ್ಕಲಿಗರ ಒಂದು ಕೊಪ್ಪದಲ್ಲಿ, ಅಂದರೆ ಅವರ ಕೇರಿಯಲ್ಲಿ, ಸುಗ್ಗಿ ಕುಣಿತ ಶೂಟ್ ಮಾಡಿಕೊಂಡು ಹೋಯಿತು. ಎಡಿಟಿಂಗ್ ಬೆಂಗಳೂರಿನಲ್ಲಿ ನಡೆಯಿತು. ಪ್ರಸಾರಕ್ಕೆ ಮೊದಲು ಅದರ ಕರಡು ಕೊಪ್ಪದ ಹುಡುಗರ ಮೊಬೈಲ್‌ಗೆ ಬಂತು. ಅದನ್ನು ನೋಡಿದ ಸುಗ್ಗಿ ತಂಡದವರು ನೊಂದುಕೊಂಡರು. ಸಂಚಿಕೆಯಲ್ಲಿ ಅವರಿದ್ದರು, ಅವರ ಅಂಗಳ ಇತ್ತು, ಅವರ ವೇಷ ಇತ್ತು. ಅವರ ಸದ್ದು ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ಆಗ ಎಲ್ಲರ ಫೋನಿನಲ್ಲೂ ಓಡುತ್ತಿದ್ದ ಒಂದು ಸಿನಿಮಾ ಹಾಡು ಇತ್ತು.

ನಾನು ಕುಮಟಾದಲ್ಲಿ ಸೌಂಡ್ ರೆಕಾರ್ಡಿಂಗ್ ಕೆಲಸ ಮಾಡುವವನು. ಆ ಶೂಟಿಂಗ್‌ಗೂ ಮೈಕ್ ಹಿಡಿದು ಹೋಗಿದ್ದೆ. ಹಾಗಾಗಿ ಕೊಪ್ಪದವರ ಮಾತು, ಬೆಂಗಳೂರಿನವರ ಮಾತು ಎರಡೂ ನನ್ನ ಕಿವಿಗೆ ಬಿದ್ದವು. ಚಾನೆಲ್ ಯಾವುದು, ಕಾರ್ಯಕ್ರಮ ಯಾವುದು ಅನ್ನುವುದು ಇಲ್ಲಿ ಬೇಡ. ರಿಮೋಟ್ ತಿರುಗಿಸಿದರೆ ಬೇಕಾದಷ್ಟು ಕಡೆ ಇದೇ ನಡೆಯುತ್ತಿದೆ.

ಶೂಟ್ ಮಾಡಿದ್ದು ಏನನ್ನು

ಕಾಳಿ ನದಿಯಿಂದ ಶರಾವತಿಯವರೆಗಿನ ಕರಾವಳಿಯಲ್ಲಿ, ಅಂದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ, ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿವೆ. ಫಾಲ್ಗುಣ ಬಂತೆಂದರೆ ಸುಗ್ಗಿ ತಂಡ ಮನೆಮನೆಯ ಅಂಗಳಕ್ಕೆ ಬರುತ್ತದೆ. ತಲೆಯ ಮೇಲೆ ಬೆಂಡಿನ ಹೂ, ಬಣ್ಣದ ಕಾಗದದ ಎತ್ತರದ ತುರಾಯಿ. ಕೈಯಲ್ಲಿ ನವಿಲುಗರಿಯ ಕುಂಚ. ಜೊತೆಗೆ ಗುಮಟೆ, ಜಾಗಟೆ, ತಾಳ.

ಗುಮಟೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಡೀ ಪ್ರಕರಣ ಅದರ ಸುತ್ತಲೇ ಇದೆ. ಅದು ಎರಡೂ ಕಡೆ ಬಾಯಿ ಇರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ತೊಗಲು ಬಿಗಿದಿರುತ್ತದೆ. ಸಣ್ಣ ಬಾಯಿ ಖಾಲಿ. ಬಲಗೈ ತೊಗಲನ್ನು ಬಾರಿಸುತ್ತದೆ, ಎಡಗೈ ಆ ಖಾಲಿ ಬಾಯಿಯನ್ನು ಮುಚ್ಚಿ ತೆರೆದು ಮಾಡುತ್ತದೆ. ಮುಚ್ಚಿದಾಗ ಒಂದು ಸದ್ದು, ತೆರೆದಾಗ ಇನ್ನೊಂದು, ಅರ್ಧ ತೆರೆದಾಗ ಎರಡರ ನಡುವೆ ಜಾರುವ ಸದ್ದು. ಗುಮಟೆ ಮಾತಾಡುವುದು ಆ ಎಡಗೈಯಲ್ಲಿ. ಕಾಳಿ ದಾಟಿ ಗೋವಾಕ್ಕೆ ಹೋದರೆ ಇದೇ ಘುಮಟ್. ಅಲ್ಲಿನ ಸರ್ಕಾರ 2019ರಲ್ಲಿ ಅದನ್ನು ರಾಜ್ಯದ ಪಾರಂಪರಿಕ ವಾದ್ಯ ಎಂದು ಘೋಷಿಸಿದೆ.

ಕುಣಿತದ ಲಯಕ್ಕೆ ಗಡಿಯಾರದ ಲೆಕ್ಕ ಇಲ್ಲ. ನಿಧಾನಕ್ಕೆ ಶುರುವಾಗಿ, ಕುಣಿಯುವವರ ಮೈ ಕಾದಂತೆ ಏರುತ್ತದೆ. ಗುಮಟೆಯವನು ಕಾಲು ನೋಡಿ ಬಾರಿಸುತ್ತಾನೆ, ಕುಣಿಯುವವನು ಗುಮಟೆ ಕೇಳಿ ಹೆಜ್ಜೆ ಹಾಕುತ್ತಾನೆ. ಒಂದನ್ನು ಬಿಟ್ಟರೆ ಇನ್ನೊಂದು ಇಲ್ಲ.

ಕೊಪ್ಪದಲ್ಲಿ ಒಬ್ಬ ಅಜ್ಜಿಯ ಹಾಡನ್ನೂ ರೆಕಾರ್ಡ್ ಮಾಡಿದೆವು. ಮದುವೆ ಮನೆಯಲ್ಲಿ ಬೀಗರನ್ನು ಹಂಗಿಸುವ ಹಾಡು. ಅಜ್ಜಿ ಒಂದೊಂದು ಸಾಲಿಗೂ ನಗುತ್ತಿದ್ದರು. ಹಿಂದೆ ಕೂತ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆ ನಗುವೂ ನನ್ನ ಮೈಕಿನಲ್ಲಿ ಚೆನ್ನಾಗಿ ಸಿಕ್ಕಿತ್ತು.

ಕರಡಿನಲ್ಲಿ ಬಂದದ್ದು

ಶುರುವಿನಲ್ಲೇ ಡ್ರೋನ್. ಸಮುದ್ರದ ಮೇಲಿಂದ ಗಂಗಾವಳಿ ನದಿಯ ಬಾಯಿಯವರೆಗೆ. ಅದರ ಮೇಲೆ ಆ ಸಿನಿಮಾ ಹಾಡಿನ ಪಲ್ಲವಿ. ನಿರೂಪಕ ಸ್ಲೋ ಮೋಷನ್‌ನಲ್ಲಿ ಕೂಲಿಂಗ್ ಗ್ಲಾಸ್ ತೆಗೆದ. ಇದು ಪರವಾಗಿಲ್ಲ, ಎಲ್ಲರೂ ಮಾಡುತ್ತಾರೆ, ಯಾರಿಗೂ ನೋವಿಲ್ಲ.

ಆಮೇಲೆ ಕುಣಿತ. ಹಾಡು ಮುಂದುವರಿಯಿತು. ಹಾಡಿನ ಬೀಟ್ ಬಿದ್ದಲ್ಲೆಲ್ಲ ಒಂದು ಕಟ್. ತುರಾಯಿ, ಕಾಲು, ಕುಂಚ, ಮುಖ, ಮತ್ತೆ ತುರಾಯಿ. ನೋಡಲು ಚುರುಕಾಗಿತ್ತು. ಆದರೆ ಕುಣಿತ ಬಲ್ಲವರ ಕಣ್ಣಿಗೆ ಬೇರೆಯೇ ಕಂಡಿತು. ತಂಡದ ಹಿರಿಯ ಗೌಡರು ಫೋನ್ ಮಾಡಿ ಹೇಳಿದ್ದು ಇದು: "ತಮಾ, ಎಲ್ಲರ ಕಾಲೂ ತಪ್ಪಿ ಬೀಳ್ತದಲಾ. ನಮಗೆ ಕುಣಿಯೂಕೇ ಬರೂದಿಲ್ಲ ಅಂತ ಊರವರು ನಗ್ತಾರೆ."

ಅವರು ಹೇಳಿದ್ದು ಅಕ್ಷರಶಃ ನಿಜ. ಸಿನಿಮಾ ಹಾಡಿನ ತಾಳ ಯಂತ್ರದ್ದು, ಒಂದೇ ವೇಗ. ಕುಣಿತದ್ದು ಏರುವ ವೇಗ. ಎರಡನ್ನೂ ಒಟ್ಟಿಗೆ ಓಡಿಸಿದರೆ ಪ್ರತಿ ಹೆಜ್ಜೆಯೂ ತಾಳಕ್ಕೆ ಸ್ವಲ್ಪ ಹಿಂದೆ ಇಲ್ಲವೇ ಸ್ವಲ್ಪ ಮುಂದೆ ಬೀಳುತ್ತದೆ. ಚಿಕ್ಕಂದಿನಿಂದ ಕುಣಿದು ಪಳಗಿದ ಜನ, ಪರದೆಯ ಮೇಲೆ ಹೆಜ್ಜೆ ತಪ್ಪುವವರ ಹಾಗೆ ಕಂಡರು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಆದ ದೊಡ್ಡ ಅನ್ಯಾಯ ಇದೇ. ಹಾಡು ಇಷ್ಟವಾಯಿತೋ ಇಲ್ಲವೋ ಅನ್ನುವುದು ರುಚಿಯ ವಿಷಯ. ಬಲ್ಲವನನ್ನು ಬಾರದವನ ಹಾಗೆ ತೋರಿಸುವುದು ಹಾಗಲ್ಲ, ಅದರಿಂದ ಊರಿನಲ್ಲಿ ಮರ್ಯಾದೆ ಹೋಗುತ್ತದೆ.

ಇನ್ನು ಗುಮಟೆ. ಅದನ್ನು ತೆಗೆದೇ ಹಾಕಿದ್ದಾರೆ ಅಂದುಕೊಂಡಿದ್ದೆ. ಹಾಗಿರಲಿಲ್ಲ, ಸಣ್ಣ ವಾಲ್ಯೂಮ್‌ನಲ್ಲಿ ಇಟ್ಟಿದ್ದರು. ಆದರೂ ಕೇಳುತ್ತಿರಲಿಲ್ಲ. ಹಾಡಿನ ಎಲೆಕ್ಟ್ರಾನಿಕ್ ಡ್ರಮ್ಮಿನ ಬೇಸ್ ಮತ್ತು ಗುಮಟೆಯ ದಪ್ಪ ಸದ್ದು ಎರಡೂ ಹತ್ತಿರ ಹತ್ತಿರದ ಸ್ಥಾಯಿಯಲ್ಲಿವೆ. ಒಂದೇ ಸ್ಥಾಯಿಯಲ್ಲಿ ಎರಡು ಸದ್ದು ಬಂದರೆ ಜೋರಿನದು ಮೆತ್ತಗಿನದನ್ನು ಪೂರ್ತಿ ಮುಚ್ಚಿಬಿಡುತ್ತದೆ. ಉಳಿದದ್ದು ಜಾಗಟೆಯ ಟಿಣ್ ಟಿಣ್ ಮಾತ್ರ.

ಕುಣಿತದ ಕೊನೆಗೆ ಇನ್ನೊಂದು ಸೇರಿಸಿದ್ದರು. ದೂರದಿಂದ ಬರುವ ದೈವದ ಕೂಗಿನಂಥ ಸದ್ದು, ಕೆಳಗೆ ಗುಡುಗುವ ಡೋಲು. 2022ರಲ್ಲಿ 'ಕಾಂತಾರ' ಗೆದ್ದ ಮೇಲೆ ಟಿವಿಯಲ್ಲಿ ಕರಾವಳಿ ಬಂದಲ್ಲೆಲ್ಲ ಇಂಥ ಕೂಗು ಕೇಳುತ್ತಿದೆ. ಆ ಸಿನಿಮಾದಲ್ಲಿ ಅದಕ್ಕೆ ಜಾಗ ಇತ್ತು, ಕಥೆಯೇ ದೈವದ್ದು. ಅಂಕೋಲಾದ ಸುಗ್ಗಿಗೂ ತುಳುನಾಡಿನ ಕೋಲಕ್ಕೂ ಸಂಬಂಧ ಇಲ್ಲ. ಬೆಂಗಳೂರಿನ ಎಡಿಟಿಂಗ್ ರೂಮಿನಲ್ಲಿ ಕೂತವರಿಗೆ ಮಂಗಳೂರಿನಿಂದ ಕಾರವಾರದವರೆಗೆ ಒಂದೇ ಕರಾವಳಿ. ಇಲ್ಲಿ ನದಿ ದಾಟಿದರೆ ಮಾತೂ ಬದಲಾಗುತ್ತದೆ, ಕುಣಿತವೂ ಬದಲಾಗುತ್ತದೆ.

ಕೊನೆಗೆ ಅಜ್ಜಿ. ಮೊದಲ ಸಾಲು ಮುಗಿಯುವಷ್ಟರಲ್ಲಿ ಹಿಂದಿನಿಂದ ವಯೋಲಿನ್ ಏರಿತು. ಅಜ್ಜಿಯ ದನಿ ಕರಗಿ ಹೋಯಿತು. ಒಂದು ಹಳೆಯ ಕನ್ನಡ ಸಿನಿಮಾ ಹಾಡನ್ನು ಯಾರೋ ಹುಡುಗಿ ತೀರಾ ನಿಧಾನಕ್ಕೆ, ಉಸಿರು ಬಿಟ್ಟುಕೊಂಡು ಹಾಡಿದ್ದು ಶುರುವಾಯಿತು. ಪರದೆ ತುಂಬ ಅಜ್ಜಿಯ ಸುಕ್ಕುಗಟ್ಟಿದ ಕೈ. ರಿಯಾಲಿಟಿ ಶೋಗಳಲ್ಲಿ ಸ್ಪರ್ಧಿ ತನ್ನ ಮನೆಯ ಕಷ್ಟ ಹೇಳಲು ಬಾಯಿ ತೆರೆದ ಕೂಡಲೇ ಬರುವ ಅದೇ ವಯೋಲಿನ್. ಬಡವರು, ವಯಸ್ಸಾದವರು, ಹಳ್ಳಿಯವರು ಕಂಡರೆ ಸಾಕು, ಅಳು ಬರಿಸಬೇಕು ಅನ್ನುವುದು ಟಿವಿಗೆ ಅಭ್ಯಾಸವೇ ಆಗಿದೆ. ಮೊಮ್ಮಗ ಮೊಬೈಲ್ ತೋರಿಸಿದಾಗ ಅಜ್ಜಿ ಕೇಳಿದರಂತೆ: "ನಾ ಎಲ್ಲಿ ಅತ್ತಿದೆ? ನಗಾಡ್ತಾ ಹಾಡಿದ್ದೆ ನಾ."

ಯಾಕೆ ಹೀಗಾಗುತ್ತದೆ

ಎಡಿಟರ್ ಹುಡುಗನ ಜೊತೆ ನಾನು ಫೋನಿನಲ್ಲಿ ತುಂಬ ಹೊತ್ತು ಮಾತಾಡಿದೆ. ಒಳ್ಳೆಯ ಕೆಲಸಗಾರ, ಸಂಗೀತದ ಕಿವಿಯೂ ಇದೆ. ಅವನು ಹೇಳಿದ್ದು ಹೀಗೆ: "ಸರ್, ಹಿಟ್ ಹಾಡು ಹಾಕಿದ್ರೆ ಯಾರೂ ಏನೂ ಕೇಳಲ್ಲ. ಹಾಕದಿದ್ರೆ ಯಾಕೆ ಹಾಕಿಲ್ಲ ಅಂತ ಮೂರು ಜನ ಕೇಳ್ತಾರೆ."

ನನ್ನ ಪ್ರಕಾರ ಟಿವಿಯ ಸವೆದ ಅಭ್ಯಾಸಗಳೆಲ್ಲ ಉಳಿದುಕೊಂಡಿರುವುದು ಈ ಕಾರಣಕ್ಕೇ. ಧಾರಾವಾಹಿಯಲ್ಲಿ ಅತ್ತೆಯ ಮುಖಕ್ಕೆ ಮೂರು ಸಲ ಜೂಮ್, ಪ್ರತಿ ಸಲವೂ 'ಧಡ್' ಎಂಬ ಸದ್ದು. ಹಬ್ಬಕ್ಕೊಂದು ಮಹಾಸಂಗಮ, ಅಂದರೆ ಎರಡು ಧಾರಾವಾಹಿ ಸೇರಿಸಿದ ಸಂಚಿಕೆ. ನೆನಪು ಕಳೆದುಕೊಂಡ ನಾಯಕ. ಇವೆಲ್ಲ ಹಳಸಿವೆ ಅಂತ ಮಾಡುವವರಿಗೂ ಗೊತ್ತಿದೆ. ಆದರೆ ಗುರುವಾರ ಬಾರ್ಕ್ ಸಂಸ್ಥೆಯ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನುವ ಲೆಕ್ಕ, ಬಂದಾಗ ಅಂಕಿ ಕಮ್ಮಿಯಾಗಿದ್ದರೆ, ಹೊಸದನ್ನು ಮಾಡಿದವನು ಉತ್ತರ ಕೊಡಬೇಕು. ಎಲ್ಲರೂ ಮಾಡುವುದನ್ನೇ ಮಾಡಿದವನನ್ನು ಯಾರೂ ಕರೆದು ಕೇಳುವುದಿಲ್ಲ.

ಇದರ ಜೊತೆ ಕೆಲಸದ ಕ್ರಮವೂ ಸೇರಿಕೊಳ್ಳುತ್ತದೆ. ಎಡಿಟರ್ ಮೊದಲು ಟೈಮ್‌ಲೈನ್ (ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ದೃಶ್ಯ, ಸದ್ದು ಜೋಡಿಸುವ ಪಟ್ಟಿ) ಮೇಲೆ ಒಂದು ಹಾಡನ್ನು ತಾತ್ಕಾಲಿಕ ಅಂತ ಹಾಕಿಕೊಳ್ಳುತ್ತಾನೆ. ಅದರ ಬೀಟಿಗೆ ದೃಶ್ಯ ಕತ್ತರಿಸುತ್ತಾನೆ. ನಿರ್ದೇಶಕರು ನೋಡುತ್ತಾರೆ, ನಿರ್ಮಾಪಕರು ನೋಡುತ್ತಾರೆ, ಎಲ್ಲರ ಕಿವಿಗೂ ಅದೇ ಕೂತುಬಿಡುತ್ತದೆ. ಆಮೇಲೆ ಹಾಡು ತೆಗೆದರೆ ಅಷ್ಟೂ ಕಟ್‌ಗಳನ್ನು ಮತ್ತೆ ಮಾಡಬೇಕು. ಅರ್ಧ ಗಂಟೆಯ ಸ್ಲಾಟಿಗೆ ಜಾಹೀರಾತು ಕಳೆದು 22ರಿಂದ 24 ನಿಮಿಷ ತುಂಬಿಸಬೇಕು, ಅದೂ ವಾರವಾರ. ದೊಡ್ಡ ಚಾನೆಲ್‌ಗಳಿಗೆ ಆಡಿಯೋ ಕಂಪನಿಗಳ ಜೊತೆ ಒಪ್ಪಂದ ಇರುತ್ತದೆ, ಹಾಗಾಗಿ ಹಿಟ್ ಹಾಡು ಕೈಗೆಟಕುವ ಜಾಗದಲ್ಲೇ ಇರುತ್ತದೆ.

ಇದು ನಮ್ಮ ಟಿವಿಯ ರೋಗ ಮಾತ್ರ ಅಂತ ತಿಳಿಯಬೇಕಾಗಿಲ್ಲ. ಲಿಯೊನಾರ್ಡ್ ಕೋಹನ್ 1984ರಲ್ಲಿ ಹಾಡಿದ 'ಹಾಲೆಲೂಯಾ' ಎಂಬ ಹಾಡಿದೆ. ಜೆಫ್ ಬಕ್ಲಿ 1994ರಲ್ಲಿ ಅದನ್ನು ತನ್ನ ದನಿಯಲ್ಲಿ ಹಾಡಿದ. ಆಮೇಲೆ ಅಮೆರಿಕದ ಸರಣಿಗಳಲ್ಲಿ ಯಾರಾದರೂ ಸತ್ತರೆ, ಯಾರಾದರೂ ದೂರವಾದರೆ ಅದೇ ಹಾಡು. 'ದಿ ವೆಸ್ಟ್ ವಿಂಗ್' ಹಾಕಿತು, 'ದಿ ಓ.ಸಿ.' ಹಾಕಿತು. ಕೊನೆಗೆ 2009ರಲ್ಲಿ ಕೋಹನ್ ಅವರೇ, ಹಾಡು ಚೆನ್ನಾಗಿದೆ, ಆದರೆ ತುಂಬಾ ಜಾಸ್ತಿ ಜನ ಹಾಡುತ್ತಿದ್ದಾರೆ ಎಂಬ ಅರ್ಥದಲ್ಲಿ ಸಂದರ್ಶನದಲ್ಲಿ ಹೇಳಿದರು. 2020ರಲ್ಲಿ 'ಬ್ರಿಜರ್ಟನ್' ಸರಣಿ ಇಂದಿನ ಪಾಪ್ ಹಾಡುಗಳನ್ನು ವಯೋಲಿನ್, ಚೆಲ್ಲೋದಲ್ಲಿ ನುಡಿಸಿ ಹಳೆಯ ಕಾಲದ ನೃತ್ಯಕೂಟಗಳಿಗೆ ಹಾಕಿತು. ಅದು ನಿಜಕ್ಕೂ ಹೊಸದಾಗಿ ಕೇಳಿತು. ಅದೇ ದಾರಿಯಲ್ಲಿ ಎಲ್ಲರೂ ನಡೆದರೆ ಅದೂ ಸವೆಯುತ್ತದೆ.

ಇದಕ್ಕೆ ಎದುರಾಗಿ ಒಂದು ಉದಾಹರಣೆ ಇದೆ. ಕೇಟ್ ಬುಷ್ 1985ರಲ್ಲಿ ಹಾಡಿದ 'ರನ್ನಿಂಗ್ ಅಪ್ ದಟ್ ಹಿಲ್' 37 ವರ್ಷಗಳ ನಂತರ, 2022ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಕಾರಣ 'ಸ್ಟ್ರೇಂಜರ್ ಥಿಂಗ್ಸ್' ಎಂಬ ಸರಣಿ. ಅಲ್ಲಿ ಮ್ಯಾಕ್ಸ್ ಎಂಬ ಹುಡುಗಿ ವಾಕ್‌ಮನ್‌ನಲ್ಲಿ ಆ ಹಾಡು ಕೇಳುತ್ತಾಳೆ, ಅದು ಅವಳ ಇಷ್ಟದ ಹಾಡು, ಕಥೆಯಲ್ಲಿ ಅವಳ ಜೀವ ಉಳಿಸುವುದೂ ಅದೇ ಹಾಡು. ಅಂದರೆ ಹಾಡನ್ನು ಕೇಳುವ ಒಬ್ಬರು ಆ ದೃಶ್ಯದ ಒಳಗೇ ಇದ್ದಾರೆ. ನಮ್ಮ ಕರಡಿನ ಹಾಡನ್ನು ಆ ಅಂಗಳದಲ್ಲಿ ಯಾರೂ ಕೇಳುತ್ತಿರಲಿಲ್ಲ. ನೋಡುಗ ಇನ್ನೂ ಏನನ್ನೂ ನೋಡುವ ಮೊದಲೇ, ಹೀಗೆ ಅನ್ನಿಸಿಕೋ ಅಂತ ಹೊರಗಿನಿಂದ ಹೇಳುವುದಷ್ಟೇ ಅದರ ಕೆಲಸವಾಗಿತ್ತು.

ತಿದ್ದಿದ್ದು ಹೇಗೆ

ಕಾರ್ಯಕ್ರಮದ ನಿರ್ದೇಶಕಿ ಹಾವೇರಿ ಕಡೆಯವರು. ಗೌಡರ ಮಾತನ್ನು ನಾನು ಅವರಿಗೆ ಹಾಗೇ ದಾಟಿಸಿದೆ. ಕಾಲು ತಪ್ಪಿ ಬೀಳುತ್ತದೆ ಅನ್ನುವುದನ್ನು ಅವರು ಗಮನಿಸಿರಲಿಲ್ಲ. ಇನ್ನೊಮ್ಮೆ ನೋಡಿ, "ಅಯ್ಯೋ ಹೌದಲ್ಲ ಸರ್" ಅಂದರು. ಅಲ್ಲಿಂದ ಕೆಲಸ ಸಲೀಸಾಯಿತು.

ಮೊದಲು ಹಾಡಿನ ವಾಲ್ಯೂಮ್ ಇಳಿಸಿದೆವು. ಪ್ರಯೋಜನ ಆಗಲಿಲ್ಲ. ಬೇಸ್ ಸಣ್ಣದಾದರೂ ಗುಮಟೆಯ ಮೇಲೆಯೇ ಕೂತಿತ್ತು. ಆಮೇಲೆ ಗುಮಟೆಯನ್ನು ಹಾಡಿನ ವೇಗಕ್ಕೆ ಹಿಗ್ಗಿಸಿ ಕುಗ್ಗಿಸಿ ಎರಡನ್ನೂ ಬೆರೆಸುವ ಯೋಚನೆ ಎಡಿಟರ್‌ಗೆ ಬಂತು. ಸಾಫ್ಟ್‌ವೇರ್‌ನಲ್ಲಿ ಅದು ಆಗುತ್ತದೆ. ಮಾಡಿ ಕಳಿಸಿದ. ಎಡಗೈಯ ಆ ಜಾರುವ ಸದ್ದು ಪ್ಲಾಸ್ಟಿಕ್ ಡಬ್ಬ ತಟ್ಟಿದಂತೆ ಕೇಳಿತು. ಅದನ್ನೂ ಬಿಟ್ಟೆವು.

ಉಳಿದದ್ದು ಒಂದೇ ದಾರಿ, ಕುಣಿತದಿಂದ ಹಾಡನ್ನು ಪೂರ್ತಿ ತೆಗೆಯುವುದು. ನಿರ್ದೇಶಕಿಗೆ ಅಲ್ಲಿ ಅಳುಕು. "ಹಾಡಿಲ್ಲದೆ ಮೊದಲ ಅರ್ಧ ನಿಮಿಷ ಜನ ನಿಲ್ತಾರಾ ಸರ್?" ನ್ಯಾಯವಾದ ಪ್ರಶ್ನೆ. ರಿಮೋಟ್ ಕೈಯಲ್ಲಿರುವವರಿಗೆ ಕರುಣೆ ಇರುವುದಿಲ್ಲ.

ನಾನು ಎರಡು ಮಾತು ಹೇಳಿದೆ. ಒಂದು, 'ಮಾಲ್ಗುಡಿ ಡೇಸ್'. ನಮ್ಮ ಹೊನ್ನಾವರ ಮೂಲದ ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ ಸರಣಿ, 80ರ ದಶಕದ ದೂರದರ್ಶನ. ಎಲ್. ವೈದ್ಯನಾಥನ್ ಮಾಡಿದ ಆ ಶೀರ್ಷಿಕೆ ಸಂಗೀತದಲ್ಲಿ ಸಾಹಿತ್ಯವೇ ಇಲ್ಲ, ಬರೀ ಗುನುಗು. ಯಾವ ಸಿನಿಮಾದಿಂದಲೂ ಎರವಲು ತಂದದ್ದಲ್ಲ, ಆ ಊರಿಗೆ ಅಂತಲೇ ಹುಟ್ಟಿದ್ದು. ಇವತ್ತಿಗೂ ಎರಡು ಸ್ವರ ಕೇಳಿದರೆ ಜನ ಗುರುತು ಹಿಡಿಯುತ್ತಾರೆ. ಇನ್ನೊಂದು, ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡ. 2017ರಲ್ಲಿ ಪದ್ಮಶ್ರೀ ಪಡೆದ, 2025ರ ಫೆಬ್ರವರಿಯಲ್ಲಿ ನಮ್ಮನ್ನು ಬಿಟ್ಟು ಹೋದ ಹಾಡುಗಾರ್ತಿ. ಅವರು ಬರೀ ಕಂಠದಲ್ಲಿ ಹಾಡಿದಾಗಲೂ ಸಭೆ ಕೂತು ಕೇಳುತ್ತಿತ್ತು.

ಮಾತಿಗಿಂತ ಜಾಸ್ತಿ ಕೆಲಸ ಮಾಡಿದ್ದು ಒಂದು ತುಣುಕು. ಶೂಟಿಂಗ್ ಶುರುವಾಗುವ ಮೊದಲು ಗುಮಟೆಯ ಗೌಡರು ಸುಮ್ನೆ ಕೂತು ತೊಗಲು ತಟ್ಟಿ ನೋಡುತ್ತಿದ್ದರು. ಕ್ಯಾಮೆರಾ ಹುಡುಗ ಯಾವುದಕ್ಕೂ ಇರಲಿ ಅಂತ ಅವರ ಎಡಗೈಯನ್ನು ಹತ್ತಿರದಿಂದ ತೆಗೆದಿದ್ದ. ಮಡಕೆಯ ಬಾಯಿಯ ಮೇಲೆ ಅಂಗೈ ಒತ್ತುತ್ತದೆ, ಸದ್ದು ಕೆಳಗೆ ಜಾರುತ್ತದೆ, ಅಂಗೈ ಏಳುತ್ತದೆ, ಸದ್ದು ಮೇಲೆ ಬರುತ್ತದೆ. ಮೊದಲು ಸದ್ದು ಮಾತ್ರ ಕೇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಕೈ ತೋರಿಸಿದರೆ ಹೇಗೆ ಅಂದೆ. ಎಡಿಟರ್ ಹಾಗೆ ಕಟ್ ಮಾಡಿ ಕಳಿಸಿದ. ಏನಪ್ಪಾ ಈ ಸದ್ದು ಅಂತ ನೋಡುಗ ಕಾಯುತ್ತಾನೆ, ಅಷ್ಟರಲ್ಲಿ ಅರ್ಧ ನಿಮಿಷ ಕಳೆದಿರುತ್ತದೆ. ನಿರ್ದೇಶಕಿ ಒಪ್ಪಿದರು.

ಅಲ್ಲಿಂದ ಕುಣಿತ ತನ್ನದೇ ಸದ್ದಿನಲ್ಲಿ ನಡೆಯಿತು. ಕಟ್‌ಗಳು ಕಮ್ಮಿಯಾದವು. ಕಾಲು ಮತ್ತು ಗುಮಟೆ ಒಟ್ಟಿಗೆ ಕಾಣುವ ದೂರದ ಶಾಟ್ ಜಾಸ್ತಿ ಹೊತ್ತು ನಿಂತಿತು. ದೈವದ ಕೂಗು ಹೋಯಿತು. ತುರಾಯಿಯ ಒಂದು ಸ್ಲೋ ಮೋಷನ್ ಶಾಟ್ ಉಳಿಯಿತು, ಅದು ಉಳಿದದ್ದು ಒಳ್ಳೆಯದೇ ಆಯಿತು. ಬೆಂಡಿನ ಹೂಗಳು ಒಂದೊಂದಾಗಿ ನಡುಗುವುದು ಬರಿಗಣ್ಣಿಗೆ ಕಾಣುವುದಿಲ್ಲ.

ಸಿನಿಮಾ ಹಾಡನ್ನು ಪೂರ್ತಿ ಬಿಡಲಿಲ್ಲ. ನಿರೂಪಕ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರಿನಲ್ಲಿ ಬರುವ ದೃಶ್ಯಕ್ಕೆ ಅದನ್ನು ಹಾಕಿದರು, ಅದೂ ಕಾರಿನ ಸ್ಟೀರಿಯೋದಿಂದ ಬರುವಂತೆ ಸ್ವಲ್ಪ ತೆಳ್ಳಗೆ ಮಾಡಿ. ಕೊಪ್ಪದ ಮುಂದೆ ಕಾರು ನಿಂತು ಎಂಜಿನ್ ಆಫ್ ಆದಾಗ ಹಾಡೂ ನಿಂತಿತು. ಇದು ಎಡಿಟರ್ ಹುಡುಗನದೇ ಯೋಚನೆ. ಇಡೀ ಸಂಚಿಕೆಯಲ್ಲಿ ನನಗೆ ಅತಿ ಇಷ್ಟವಾದ ಜಾಗವೂ ಅದೇ.

ಅಜ್ಜಿಯ ಹಾಡಿಗೆ ಏನೂ ಮಾಡಬೇಕಾಗಲಿಲ್ಲ, ವಯೋಲಿನ್ ತೆಗೆದರೆ ಸಾಕಾಯಿತು. ಹೆಂಗಸರ ನಗು ತಾನಾಗೇ ಮೇಲೆ ಬಂತು. ಹಾಲಕ್ಕಿ ಕನ್ನಡ ಎಲ್ಲರಿಗೂ ತಿಳಿಯದು ಅಂತ ಪರದೆಯ ಕೆಳಗೆ ಹಾಡಿನ ಸಾಲುಗಳನ್ನು ಹಾಕಿದರು. ಬೀಗರನ್ನು ಅಜ್ಜಿ ಏನೆಂದು ಬೈಯುತ್ತಿದ್ದಾರೆ ಅಂತ ಗೊತ್ತಾದರೆ ತಾನೇ ನೋಡುಗನೂ ನಗುವುದು?

ಇನ್ನೊಂದು ವಿಷಯ ಕೇಳಿ ಮಾಡಿಸಿಕೊಂಡೆವು. ಸಿನಿಮಾ ಹಾಡಿಗೆ ಕಂಪನಿ ಇದೆ, ಒಪ್ಪಂದ ಇದೆ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಧನದ ಹಕ್ಕೂ ಗಟ್ಟಿಯಾಗಿದೆ. ಸುಗ್ಗಿಯ ಹಾಡನ್ನು ಇಂಥವರು ಬರೆದರು ಅಂತ ಹೇಳಲಾಗದು. ಆದರೆ ಹಾಡುವವರಿಗೆ, ಕುಣಿಯುವವರಿಗೆ ಅದೇ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಎಂಬುದಿದೆ, ಅದು 50 ವರ್ಷ ಇರುತ್ತದೆ. ಕೊಪ್ಪದಲ್ಲಿ ಯಾರಿಗೂ ಇದನ್ನು ಯಾರೂ ಹೇಳಿರಲಿಲ್ಲ. ತಂಡದ ಹೆಸರು, ಅಜ್ಜಿಯ ಹೆಸರು, ಗುಮಟೆ ಬಾರಿಸಿದವರ ಹೆಸರು ಪರದೆಯ ಮೇಲೆ ಬರಬೇಕು, ರೆಕಾರ್ಡಿಂಗಿನ ಪ್ರತಿ ಕೊಪ್ಪಕ್ಕೆ ಕೊಡಬೇಕು ಅಂದೆವು. ಎರಡೂ ಆಯಿತು.

ಆಗದೆ ಉಳಿದದ್ದು

ಪ್ರೋಮೋ ಬದಲಾಗಲಿಲ್ಲ. ಚಾನೆಲ್‌ನಲ್ಲಿ ಪ್ರೋಮೋ ಮಾಡುವವರೇ ಬೇರೆ. ಅವರು ಮೊದಲ ಕರಡಿನಿಂದಲೇ ತುಣುಕು ಆರಿಸಿಕೊಂಡಿದ್ದರು. ಸಂಚಿಕೆ ಬರುವವರೆಗೂ ದಿನವಿಡೀ ಅದೇ ಹಾಡು, ಅದೇ ಕೂಗು, ಅದೇ ತಪ್ಪು ಹೆಜ್ಜೆ ಓಡಿತು. ಸಂಚಿಕೆ ನೋಡದ ಎಷ್ಟೋ ಜನ ಪ್ರೋಮೋ ನೋಡಿರುತ್ತಾರೆ ಅನ್ನುವುದು ನನಗೆ ಈಗಲೂ ಚುಚ್ಚುತ್ತದೆ.

ಸಂಚಿಕೆ ಬಂದ ರಾತ್ರಿ ಗೌಡರು ಫೋನ್ ಮಾಡಿ, "ಈಗ ಕಾಲು ಸರಿ ಬಿತ್ತು ತಮಾ" ಅಂದರು. ಅಜ್ಜಿ ತನ್ನ ಹಾಡು ಬಂದಾಗ ಟಿವಿಯ ಜೊತೆ ಇನ್ನೊಮ್ಮೆ ಹಾಡಿದರಂತೆ.

ಅದೇ ನಿರ್ದೇಶಕಿ ಈಗ ಯಲ್ಲಾಪುರ ಕಡೆಯ ಸಿದ್ದಿಯರ ಡಮಾಮಿ ಕುಣಿತದ ಸಂಚಿಕೆಗೆ ತಯಾರಿ ಮಾಡುತ್ತಿದ್ದಾರೆ. ಈ ಸಲ ಎಡಿಟಿಂಗ್ ಶುರುವಾಗುವ ಮೊದಲೇ ಸ್ಥಳದ ಸದ್ದನ್ನು ಬೇರೆ ಫೈಲ್ ಮಾಡಿ ಎಡಿಟರ್‌ಗೆ ಕೊಡುವುದು, ಟೈಮ್‌ಲೈನ್ ಮೇಲೆ ಮೊದಲು ಅದನ್ನೇ ಹಾಕುವುದು ಅಂತ ಮಾತಾಗಿದೆ. ಡಮಾಮಿಯ ಸದ್ದಿರುವ ಒಂದು 20 ಸೆಕೆಂಡಿನ ತುಣುಕನ್ನು ಅದೇ ದಿನ ಪ್ರೋಮೋದವರಿಗೂ ಕಳಿಸುತ್ತೇವೆ.